ಕಾರಿನೊಳಗೆ ಮಳೆ ಬಂದರೆ



ಮಳೆಗಾಲ ಶುರುವಾಯಿತೆಂದರೆ ಮುಂಬಯಿಯಲ್ಲಿ ನಮಗೆಲ್ಲ ಎರಡು ಚಿಂತೆ. ಲೋಕಲ್ ಟ್ರೈನು ಓಡುತ್ತದೋ ಇಲ್ಲವೋ, ಮನೆಯ ಗೋಡೆ ಒದ್ದೆಯಾಗುತ್ತದೋ ಇಲ್ಲವೋ. ಕಾರು ಇಟ್ಟುಕೊಂಡವರಿಗೆ ಇನ್ನೂ ಒಂದಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೂಗಿಗೆ ಮುಗ್ಗಲು ವಾಸನೆ, ಕಾಲಿಟ್ಟರೆ ಮ್ಯಾಟಿನ ಕೆಳಗೆ ಪಚಪಚ. ಗಾಜು ಏರಿಸಿಯೇ ಇದೆ, ಬಾಗಿಲು ಭದ್ರವಾಗಿಯೇ ಇದೆ. ಹಾಗಾದರೆ ನೀರು ಎಲ್ಲಿಂದ ಬಂತು? ಇವತ್ತಿನ ಮಾತು ಅದರ ಬಗ್ಗೆ.

ಎರಡು ವರ್ಷದ ಹಿಂದೆ ನಮ್ಮ ಕಾರಿನಲ್ಲೂ ಇದೇ ಆಯಿತು. ಮುಂದಿನ ಎಡಗಡೆಯ ಸೀಟು ಅಮ್ಮನದು. ಅವರಿಗೆ ಆಗ 74 ವರ್ಷ, ಜೊತೆಗೆ ಹಳೆಯ ಉಬ್ಬಸ. ಜೂನ್ ಕೊನೆಯಿಂದ ಕಾರು ಹತ್ತಿದರೆ ಸಾಕು, ಅವರಿಗೆ ಕೆಮ್ಮು. ಎ.ಸಿ. ಗಾಳಿ ಆಗುತ್ತಿಲ್ಲವೆಂದು ಎ.ಸಿ. ನಿಲ್ಲಿಸಿದೆವು. ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಅವರು "ನೀವು ಹೋಗಿ ಬನ್ನಿ, ನನಗೆ ಮನೆಯೇ ವಾಸಿ" ಅಂದುಬಿಟ್ಟರು. ಪ್ರತಿ ಗುರುವಾರ ರಾಯರ ಮಠಕ್ಕೆ ಹೋಗುವುದೂ ನಿಂತಿತು.

ಆಮೇಲೆ ಮ್ಯಾಟು ಎತ್ತಿ ನೋಡಿದರೆ ಕಾರ್ಪೆಟ್ಟು ತೊಯ್ದು ತೊಪ್ಪೆಯಾಗಿತ್ತು. ಗ್ಯಾರೇಜಿಗೆ ಒಯ್ದೆ. ಮುಂದಿನ ಗಾಜಿನ ಸುತ್ತ ಸಿಲಿಕೋನ್ ಬಳಿದುಕೊಟ್ಟರು. ಮರುದಿನದ ಮಳೆಗೆ ಮತ್ತೆ ನೀರು. ಬಾಗಿಲಿನ ರಬ್ಬರ್ ಬೀಡಿಂಗ್ ಹೊಸದು ಹಾಕಿದರು. ಮತ್ತೆ ನೀರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಕಥೆ.

ಅಮ್ಮನಿಗೆ ಅಜಂತಾ ನೋಡುವ ಆಸೆ ಬಹಳ ವರ್ಷದ್ದು. ಜುಲೈಯಲ್ಲಿ ಮನಸ್ಸು ಗಟ್ಟಿಮಾಡಿ, ಅವರ ಕಾಲಿನ ಕೆಳಗೆ ದಪ್ಪಗೆ ಹಳೆಯ ಪೇಪರು ಹಾಸಿ, ನಾಸಿಕ್ ದಾರಿಯಲ್ಲಿ ಹೊರಟೆವು. ರಾತ್ರಿ ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ ನಮ್ಮ ತಲೆಮಾರಿನವರು ಔರಂಗಾಬಾದ್ ಎಂದೇ ಕರೆದು ರೂಢಿಯಾದ ಊರಿನಲ್ಲಿ, ಉಳಿದೆವು. ಬೆಳಿಗ್ಗೆ ಅಜಂತಾ ರಸ್ತೆ ಹಿಡಿದು ಫುಲಂಬ್ರಿ ದಾಟಿ ಸಿಲ್ಲೋಡ್ ಮುಟ್ಟುವ ಹೊತ್ತಿಗೆ ಜಡಿಮಳೆ. ಅಮ್ಮನ ಕಾಲಿನ ಪೇಪರು ಮುದ್ದೆಯಾಗಿತ್ತು, ಕೆಮ್ಮು ಹತ್ತಿತ್ತು. ಒಂದು ಚಹಾದ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಪಕ್ಕದಲ್ಲೇ ಒಂದು ಸಣ್ಣ ಗ್ಯಾರೇಜು.

ಅಲ್ಲಿಯ ಮೆಕ್ಯಾನಿಕ್ ಅಮ್ಮನನ್ನು "ಆಜಿ, ಒಳಗೆ ಕೂತುಕೊಳ್ಳಿ" ಎಂದು ಕೂರಿಸಿ, ನನ್ನ ಮಾತೆಲ್ಲ ಕೇಳಿ, ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. "ಮನೆಯಲ್ಲಿ ಕಾರು ಎಲ್ಲಿ ನಿಲ್ಲಿಸುತ್ತೀರಿ?" ಗುಲ್‌ಮೊಹರ್ ಮರದ ಕೆಳಗೆ ಎಂದೆ. ಅವರು ಬಾನೆಟ್ ಎತ್ತಿದರು. ವೈಪರಿನ ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಜಾಲರಿ ಇರುತ್ತದಲ್ಲ, ಅದರ ಒಂದು ಅಂಚು ಬಿಡಿಸಿ ಕೈ ಹಾಕಿದರು. ಹೊರಬಂದದ್ದು ಒಂದು ಹಿಡಿ ಕೊಳೆತ ಎಲೆ, ಹಿಂದೆಯೇ ಇನ್ನೊಂದು ಹಿಡಿ. ಆಮೇಲೆ ಒಂದು ಬಾಟಲಿ ನೀರು ಸುರಿದರು. ಇಷ್ಟು ದಿನ ನಿಂತು ಕೊಳೆಯುತ್ತಿದ್ದ ನೀರು ಮುಂದಿನ ಚಕ್ರದ ಹಿಂದೆ ಧಾರೆಯಾಗಿ ನೆಲಕ್ಕೆ ಇಳಿಯಿತು. ನೂರು ರೂಪಾಯಿ ತೆಗೆದುಕೊಂಡರು. ಅಷ್ಟೇ.

ಆದದ್ದು ಇಷ್ಟು. ಮುಂದಿನ ಗಾಜಿನ ಮೇಲೆ ಬಿದ್ದ ಮಳೆನೀರೆಲ್ಲ ಆ ಜಾಲರಿಯ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯ ಎರಡೂ ತುದಿಯಲ್ಲಿ ತೂತು, ಅಲ್ಲಿಂದ ನೀರು ಹೊರಕ್ಕೆ. ಕಾರಿನ ಬ್ಲೋವರ್ ಹೊರಗಿನ ಗಾಳಿ ಎಳೆಯುವುದೂ ಇದೇ ಜಾಗದಿಂದ. ಹುಣಿಸೆ ಎಲೆಯಂಥ ಪುಟ್ಟ ಎಲೆ ಉದುರಿಸುವ ಗುಲ್‌ಮೊಹರ್, ಮಳೆಮರಗಳ ಕೆಳಗೆ ಕಾರು ನಿಂತರೆ ಎಲೆಗಳು ಜಾಲರಿಯ ಸಂದಿಯಲ್ಲಿ ಇಳಿದು ತೂತು ಮುಚ್ಚುತ್ತವೆ. ತೊಟ್ಟಿ ತುಂಬಿದರೆ ನೀರು ಬ್ಲೋವರಿನ ಬಾಯಿಂದ ಒಳಗೆ ಬೀಳುತ್ತದೆ. ನಮ್ಮ ದೇಶದ ಬಹುಪಾಲು ಕಾರುಗಳಲ್ಲಿ ಬ್ಲೋವರ್ ಇರುವುದು ಎಡಗಡೆ. ಆದ್ದರಿಂದಲೇ ಅಮ್ಮನ ಕಾಲು ಒದ್ದೆ, ನನ್ನ ಕಾಲು ಒಣ.

ನಮ್ಮಲ್ಲಿ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಹೊಸ ಪಾಠವಲ್ಲ. ಹನಿ ದೇವರ ಕೋಣೆಯಲ್ಲಿ ಬಿದ್ದರೆ ಒಡೆದ ಹೆಂಚು ಅದರ ನೇರ ಮೇಲೆಯೇ ಇರಬೇಕೆಂದಿಲ್ಲ. ನೀರು ರೀಪು ಹಿಡಿದು ಹರಿದು, ಎಲ್ಲೋ ಹೊಕ್ಕು ಎಲ್ಲೋ ತೊಟ್ಟಿಕ್ಕುತ್ತದೆ. ಅದೇ ದಿನ ಮಧ್ಯಾಹ್ನ ಅಜಂತಾದಲ್ಲೂ ಇದನ್ನೇ ನೆನೆದೆ. ಗುಹೆಗಳ ಮೇಲಿನ ಬೆಟ್ಟದಲ್ಲಿ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು ಒಳಗೆ ಜಿನುಗುವುದು ಆ ಚಿತ್ರಗಳಿಗೆ ಇರುವ ಅಪಾಯಗಳಲ್ಲಿ ಒಂದು. 1920ರ ದಶಕದ ಆರಂಭದಲ್ಲಿ, ಆ ಪ್ರದೇಶ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳಂತೆಯೇ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ನಿಜಾಮರ ಸರ್ಕಾರ ಇಟಲಿಯಿಂದ ತಜ್ಞರನ್ನು ಕರೆಸಿತ್ತು. ಅವರು ಚಿತ್ರಗಳ ರಕ್ಷಣೆಗೆಂದು ಬಳಿದ ಅರಗಿನ ವಾರ್ನಿಷ್ ಕಾಲಕ್ರಮದಲ್ಲಿ ತಾನೇ ಕಪ್ಪಿಟ್ಟಿತು. ಮೇಲೊಂದು ಲೇಪ ಬಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನನ್ನ ಕಾರಿನ ಸಿಲಿಕೋನಿನ ಕಥೆಯೂ ಅದೇ.

ಹಾಗಾದರೆ ನೀವು ಏನು ಮಾಡಬೇಕು? ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಅದು ಮಳೆನೀರೇ ಹೌದೋ ನೋಡಿ. ಮಳೆ ಇಲ್ಲದ ದಿನವೂ, ಎ.ಸಿ. ಹಾಕಿದಾಗ ಮಾತ್ರ ಒದ್ದೆಯಾದರೆ ಅದು ಎ.ಸಿ.ಯ ನೀರು. ಮುಂಬಯಿಯ ಸೆಕೆಯಲ್ಲಿ ಇಪ್ಪತ್ತು ನಿಮಿಷ ಎ.ಸಿ. ಓಡಿದರೆ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಅದರ ಪೈಪು ಕಟ್ಟಿಕೊಂಡಿದೆ. ನೀರಿಗೆ ಬಣ್ಣವಿದ್ದು, ಕೈಗೆ ಜಿಡ್ಡಾಗಿ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಅದು ವಿಷ. ಮಕ್ಕಳನ್ನು ದೂರವಿಡಿ, ಗಾಡಿ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ.

ಎರಡನೆಯದು, ಎಲ್ಲಿ ಒದ್ದೆ ಎಂದು ಗುರುತಿಸಿ. ಮುಂದಿನ ಎಡಗಡೆಯಾದರೆ ಮೊದಲು ವೈಪರಿನ ಬುಡದ ತೊಟ್ಟಿ ನೋಡಿ. ಬಾಗಿಲಿನ ಪಕ್ಕದಲ್ಲಾದರೆ ಬಾಗಿಲು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರಿದ್ದರೆ ಹಿಂದಿನ ಲೈಟಿನ ಗ್ಯಾಸ್ಕೆಟ್ ಅಥವಾ ಡಿಕ್ಕಿಯ ರಬ್ಬರು. ಮೇಲಿನ ಬಟ್ಟೆಯಲ್ಲಿ ಕಲೆ ಕಂಡರೆ ಆಂಟೆನಾದ ಬುಡ, ಸನ್‌ರೂಫ್ ಇದ್ದರೆ ಅದರ ಮೂಲೆಗಳಿಂದ ಕೆಳಗಿಳಿಯುವ ಪೈಪುಗಳು. ಆದರೆ ಒಂದು ಮಾತು. ಕಾರು ಇಳಿಜಾರಿನಲ್ಲಿ ನಿಂತರೆ, ಬ್ರೇಕು ಹಾಕಿದರೆ, ಕಾರ್ಪೆಟ್ಟಿನ ಕೆಳಗಿನ ನೀರು ಹಿಂದೆ ಮುಂದೆ ಸರಿಯುತ್ತದೆ. ಆದ್ದರಿಂದ ಮೊದಲು ಪೂರ್ತಿ ಒಣಗಿಸಿ, ಆಮೇಲೆ ಹುಡುಕಿ.

ಬಾಗಿಲಿನ ವಿಚಾರದಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಗಾಜು ಇಳಿಯುವ ಸಂದಿಯಿಂದ ಬಾಗಿಲಿನೊಳಕ್ಕೆ ನೀರು ಬರುವುದು ಸಹಜ. ಅದು ಬಾಗಿಲಿನ ಅಡಿಯ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಒಳಕ್ಕೆ ಬಾರದಂತೆ ಒಳಗಿನ ಹೊದಿಕೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಸ್ಪೀಕರ್ ಹಾಕಿಸುವಾಗಲೋ ಪವರ್ ವಿಂಡೋ ರಿಪೇರಿಯಲ್ಲೋ ಆ ಹಾಳೆ ಹರಿದರೆ ನೀರು ಒಳಗೆ. ಅಡಿಯ ತೂತುಗಳನ್ನು ಎಂ-ಸೀಲ್ ಹಚ್ಚಿ ಮುಚ್ಚುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರಿಗೆ ಹೊರದಾರಿ ಮುಚ್ಚಿದರೆ ಅದು ಒಳದಾರಿ ಹುಡುಕುತ್ತದೆ.

ಮೂರನೆಯದು ಪೈಪಿನ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಕಾರಿನೊಳಗೆ, ಒಬ್ಬರು ಹೊರಗೆ. ತೋಟದ ಪೈಪಿನಲ್ಲಿ ನೀರು ಸಣ್ಣಗೆ ಬಿಡಿ. ಸರ್ವಿಸ್ ಸ್ಟೇಶನ್ನಿನ ಜೋರು ಪ್ರೆಶರ್ ಬೇಡ, ಅದು ಚೆನ್ನಾಗಿರುವ ರಬ್ಬರನ್ನೂ ದಾಟಿ ನುಗ್ಗುತ್ತದೆ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಇಳಿದು, ಯಾವ ಸಂದಿಯಿಂದ ಬಂತೆಂದು ಹೇಳಲಾಗುವುದಿಲ್ಲ. ಒಳಗಿದ್ದವರು ಮೊದಲ ಹನಿ ಕಂಡಲ್ಲಿ ಕೂಗಿ ಹೇಳಿದರೆ ದಾರಿ ಸಿಕ್ಕಿತು.

ನಾಲ್ಕನೆಯದು, ರಬ್ಬರಿನ ಮೇಲೆ ಅನುಮಾನವಿದ್ದರೆ ಕಾಗದದ ಪರೀಕ್ಷೆ. ಕಾಗದದ ಪಟ್ಟಿಯೊಂದನ್ನು ರಬ್ಬರಿನ ಮೇಲಿಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರು ಸರಿ. ಜಾರಿ ಬಂದರೆ ಅಲ್ಲಿ ಸಡಿಲ. ಹೀಗೆ ಸುತ್ತಲೂ ನೋಡಿ.

ದಾರಿ ಸಿಕ್ಕಿದ ಮೇಲೂ ಅರ್ಧ ಕೆಲಸ ಬಾಕಿ. ಕಾರ್ಪೆಟ್ಟಿನ ಕೆಳಗೆ ಫೋಮ್ ಇರುತ್ತದೆ, ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಮೇಲೆ ಮುಟ್ಟಿದರೆ ಒಣ, ಕೆಳಗೆ ಕೆರೆ. ಬೂಷ್ಟು ಬೆಳೆಯುವುದು ಅಲ್ಲೇ, ಉಬ್ಬಸದವರನ್ನು ಕೆಣಕುವುದೂ ಅದೇ. ಮುಗ್ಗಲು ವಾಸನೆಗೆ ಸೆಂಟು ಹೊಡೆದು ಸುಮ್ಮನಾಗಬೇಡಿ. ಕಾರ್ಪೆಟ್ ಎತ್ತಿಸಿ, ಫ್ಯಾನು ಹಚ್ಚಿ, ಎರಡು ಮೂರು ದಿನ ಒಣಗಿಸಿ. ಒದ್ದೆಯಾದ ಎ.ಸಿ. ಫಿಲ್ಟರ್ ಎಸೆದು ಹೊಸದು ಹಾಕಿ. ಸೀಟಿನ ಕೆಳಗೆ ಹಳದಿ ಬಣ್ಣದ ವೈರು ಕಂಡರೆ ಅದು ಏರ್‌ಬ್ಯಾಗಿಗೆ ಸೇರಿದ್ದು, ನೀವಾಗಿ ಬಿಚ್ಚಬೇಡಿ. ಕಾರ್ಪೆಟ್ಟಿನ ಕೆಳಗೆ ವೈರುಗಳ ಜೋಡಣೆಯೂ ಇರುತ್ತದೆ. ಅದಕ್ಕೆ ತುಕ್ಕು ಹಿಡಿದರೆ ಒಂದು ಹಿಡಿ ಎಲೆಗೆ ಸಾವಿರಾರು ರೂಪಾಯಿ ದಂಡ.

ಇನ್ನೊಂದು ಎಚ್ಚರಿಕೆ. ನಾನು ಹೇಳಿದ್ದೆಲ್ಲ ಮೇಲಿನಿಂದ ಬರುವ ಮಳೆನೀರಿನ ಮಾತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ನಮ್ಮಲ್ಲಿ ಯಾರೂ ಮರೆತಿಲ್ಲ. ಅಂಥ ನೆರೆನೀರಿನಲ್ಲಿ ಕಾರು ಮುಳುಗಿದರೆ ಯಾವ ಪರೀಕ್ಷೆಯೂ ಬೇಡ. ಇಂಜಿನ್ ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮೇ ತಿಂಗಳ ಕೊನೆಯ ಭಾನುವಾರ ಬಾನೆಟ್ ಎತ್ತಿ ವೈಪರಿನ ಬುಡದ ಎಲೆ ತೆಗೆದು, ಒಂದು ಚೊಂಬು ನೀರು ಸುರಿದು, ಚಕ್ರದ ಹಿಂದೆ ಇಳಿಯುತ್ತದೋ ನೋಡುತ್ತೇವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮತ್ತೆ ನೋಡುತ್ತೇವೆ. ಹತ್ತು ನಿಮಿಷದ ಕೆಲಸ. ಸಿಲ್ಲೋಡಿನಿಂದ ಮರಳಿ ಬಂದು ಕಾರ್ಪೆಟ್ಟು ಒಣಗಿಸಿ, ಎರಡು ವಾರ ಕಳೆದ ಮೇಲೆ ಒಂದು ಗುರುವಾರ ಸಂಜೆ ಅಮ್ಮ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಕಾರಿನ ಬೀಗದಕೈ ಎಲ್ಲಿ? ಮಠಕ್ಕೆ ಹೊತ್ತಾಯಿತು" ಎಂದರು.

ನಿಮ್ಮ ಮನೆಯಲ್ಲೂ ಯಾರಾದರೂ ಕಾರಿನಲ್ಲಿ ಕೂತೊಡನೆ ಕೆಮ್ಮಿದರೆ, ಎ.ಸಿ.ಯನ್ನು ಬೈಯುವ ಮೊದಲು ಒಮ್ಮೆ ಮ್ಯಾಟು ಎತ್ತಿ ನೋಡಿ.