‘ಪಿಕ್ಚರ್ ಹೇಗುಂಟು?’ ಅಂತ ಕೇಳಿದ್ರೆ ನಾವು ನಿಜ ಹೇಳ್ತೇವಾ?

ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬಳೇ ಮಾತಾಡುವುದು. ವಿಷಯ ಸಿನಿಮಾ. ಆದ್ರೆ ಇದು ರಿವ್ಯೂ ಅಲ್ಲ. ರಿವ್ಯೂ ಮಾಡುವವರು ಯೂಟ್ಯೂಬಲ್ಲಿ ಬೇಕಾದಷ್ಟು ಇದ್ದಾರೆ, ಇಂಟರ್ವಲ್ ಆಗುವ ಮೊದಲೇ ಅವರ ಥಂಬ್‌ನೇಲ್ ರೆಡಿ ಇರ್ತದೆ. ನಾನು ಹೇಳ್ಲಿಕ್ಕೆ ಹೊರಟದ್ದು ನಮ್ಮ ನಿಮ್ಮಂಥವರ ರಿವ್ಯೂ ಬಗ್ಗೆ. ಒಬ್ಬರು “ಪಿಕ್ಚರ್ ಹೇಗುಂಟು?” ಅಂತ ಕೇಳ್ತಾರೆ, ಇನ್ನೊಬ್ಬರು ಒಂದೂವರೆ ಸಾಲಲ್ಲಿ ಉತ್ತರ ಕೊಡ್ತಾರೆ ನೋಡಿ, ಅದು.

ಆ ಉತ್ತರಗಳಿಗೆ ನಮ್ಮಲ್ಲಿ ಒಂದು ಡಿಕ್ಷನರಿ ಉಂಟು. “ಲಾಯ್ಕುಂಟು” ಅಂದ್ರೆ ಹೋಗಿ. “ಒಂದ್ಸಲ ನೋಡ್ಬಹುದು” ಅಂದ್ರೆ ಟಿಕೆಟ್ ಬೇರೆಯವರು ತೆಗೆದ್ರೆ ಹೋಗಿ. “ಪರ್ವಾಗಿಲ್ಲ” ಅಂದ್ರೆ ಮನೆಯಲ್ಲೇ ಕೂತ್ಕೊಳ್ಳಿ. “ಓಟಿಟಿಗೆ ಬರ್ಲಿ” ಅಂದ್ರೆ ಅಲ್ಲಿಗೆ ಬಂದ ಮೇಲೂ ಅವರು ನೋಡುವುದಿಲ್ಲ.

ನಮ್ಮದು ಕಾಲೇಜು ಕಾಲದ ಒಂದು ವಾಟ್ಸಾಪ್ ಗ್ರೂಪ್ ಉಂಟು. ಹನ್ನೊಂದು ಜನ. ನಾವು ನಾಲ್ಕು ಮಂದಿ ಬಂಟ್ವಾಳ ಕಡೆಯವರು, ಮೂವರು ಬೆಳ್ತಂಗಡಿ, ಇಬ್ಬರು ಮೂಡುಬಿದಿರೆ. ಇನ್ನಿಬ್ಬರು ಬೆಂಗಳೂರಲ್ಲಿ ಕೂತು ನಮಗಿಂತ ಒಂದು ದಿನ ಮೊದಲು ಎಲ್ಲ ನೋಡಿ ಸ್ಪಾಯ್ಲರ್ ಹಾಕುವವರು. ಯಾರೂ ಸಿನಿಮಾ ಪಂಡಿತರಲ್ಲ. ಒಬ್ಬ ಸಹಕಾರಿ ಬ್ಯಾಂಕಲ್ಲಿ, ಒಬ್ಬಳು ನರ್ಸ್, ಒಬ್ಬನದ್ದು ಶಾಮಿಯಾನ, ಸೌಂಡ್ ಸಿಸ್ಟಮ್. ಆದ್ರೆ ಇವರ ಮಾತಿಗೆ ನಾನು ಯಾವ ಸ್ಟಾರ್ ರೇಟಿಂಗಿಗಿಂತಲೂ ಹೆಚ್ಚು ಬೆಲೆ ಕೊಡ್ತೇನೆ. ಬೆಲೆ ಅಂದದ್ದು ದುಡ್ಡಿನ ಲೆಕ್ಕದಲ್ಲೇ. ಬಿಕಾಂ ಓದಿದ ದೋಷ.

ಲೆಕ್ಕ ಕೇಳಿ. ನಮಗೆ ಬಂಟ್ವಾಳದವರಿಗೆ ಮಲ್ಟಿಪ್ಲೆಕ್ಸ್ ಬೇಕಾದ್ರೆ ಮಂಗಳೂರು, ಸುಮಾರು 25 ಕಿಲೋಮೀಟರ್. ಇಲ್ಲಾಂದ್ರೆ ಪುತ್ತೂರು. ಬೆಳ್ತಂಗಡಿಯವರಿಗೆ ಮಂಗಳೂರು ಅಂದ್ರೆ 60ರ ಹತ್ತಿರ, ಮೂಡುಬಿದಿರೆಯವರಿಗೆ 35ರ ಹತ್ತಿರ. 2025ರ ಸೆಪ್ಟೆಂಬರ್ 12ಕ್ಕೆ ಸರಕಾರ ಟಿಕೆಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತ್ತು, ನೆನಪುಂಟಲ್ಲ? 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿದ್ರೆ 236. ನಮ್ಮ ಗ್ರೂಪಲ್ಲಿ ಅವತ್ತು ಪಟಾಕಿ ಸ್ಟಿಕರ್‌ಗಳ ಮಳೆ. ಮಲ್ಟಿಪ್ಲೆಕ್ಸಿನವರು ಕೋರ್ಟಿಗೆ ಹೋದ್ರು, ಅದೇ ತಿಂಗಳ 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಹನ್ನೊಂದು ದಿನದ ಸಂಭ್ರಮ. ಈಗ ಟಿಕೆಟ್, ಬಸ್ಸು, ಹಸಿವಾದ್ರೆ ಒಂದು ಗೋಳಿಬಜೆ, ಸೆಕೆಂಡ್ ಶೋ ಆದ್ರೆ ಬಸ್ಸಿಲ್ಲ, ಆವಾಗ ಯಾರದ್ದಾದ್ರೂ ಕಾರಿಗೆ ಪೆಟ್ರೋಲ್. ಒಬ್ಬರಿಗೆ ಐನೂರು ಆರಾಮಲ್ಲಿ ಹೋಗ್ತದೆ. ಹಾಗಾಗಿ ಗೆಳತಿಯೊಬ್ಬಳು “ಲಾಯ್ಕುಂಟು” ಅಂತ ಸುಳ್ಳು ಹೇಳಿದ್ರೆ ನನಗೆ ಐನೂರು ರೂಪಾಯಿ ನಷ್ಟ. ನಿಜ ಹೇಳಿದ್ರೆ ಐನೂರು ಉಳಿತಾಯ.

ಆ ಒಂದೂವರೆ ಸಾಲಿಗೆ ಎಷ್ಟು ಶಕ್ತಿ ಉಂಟು ಅಂತ ನೋಡ್ಬೇಕಾದ್ರೆ ‘ಸು ಫ್ರಮ್ ಸೋ’ ನೋಡಿ. 2025ರ ಜುಲೈ 25ಕ್ಕೆ ಬಂದದ್ದು. ಜೆ.ಪಿ. ತುಮಿನಾಡು ಅವರ ಮೊದಲ ನಿರ್ದೇಶನ, ರಾಜ್ ಬಿ. ಶೆಟ್ಟಿ ನಿರ್ಮಾಣ. ದೊಡ್ಡ ಹೀರೋ ಇಲ್ಲ, ದೊಡ್ಡ ಪ್ರಚಾರ ಇಲ್ಲ. ಬಿಡುಗಡೆಗೆ ಮೊದಲೇ ಮಂಗಳೂರು ಸಹಿತ ಕೆಲವು ಊರಲ್ಲಿ ಪೇಯ್ಡ್ ಪ್ರೀಮಿಯರ್ ಇಟ್ರು, ನೋಡಿದವರು ಹೇಳಿದ್ರು, ಅಷ್ಟೇ. ಟ್ರೇಡ್ ಲೆಕ್ಕದ ಪ್ರಕಾರ ಶುಕ್ರವಾರದ ಕಲೆಕ್ಷನ್ ಒಂದು ಕೋಟಿಯೂ ಮುಟ್ಟಿರಲಿಲ್ಲ, ಭಾನುವಾರಕ್ಕೆ ಮೂರು ಕೋಟಿ ದಾಟಿತು. ಎರಡು ದಿನದಲ್ಲಿ ಪೋಸ್ಟರ್ ಬದಲಾಗಲಿಲ್ಲ, ಟ್ರೇಲರ್ ಬದಲಾಗಲಿಲ್ಲ. ಬದಲಾದದ್ದು ನಮ್ಮಂಥ ಗ್ರೂಪುಗಳಲ್ಲಿ ಬಿದ್ದ ಮೆಸೇಜು. ಮುಂದೆ ಮಲಯಾಳಕ್ಕೆ, ತೆಲುಗಿಗೆ ಹೋಯ್ತು, ನೂರು ಕೋಟಿ ದಾಟಿತು, ಅದೆಲ್ಲ ನಿಮಗೆ ಗೊತ್ತುಂಟು.

ನಮ್ಮ ಗ್ರೂಪಲ್ಲಿ ಎಲ್ಲರೂ ನಗಾಡಿದ್ರು. ನಾನೂ ನಗಾಡಿದೆ. ಶನೀಲ್ ಗೌತಮ್ ಅವರ ರವಿಯಣ್ಣ ಉಂಟಲ್ಲ, ಅಂಥ ಒಬ್ಬ ರವಿಯಣ್ಣ ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಮದುವೆಯಾಗದ, ಊರಿನ ಎಲ್ಲ ಕಾರ್ಯಕ್ರಮಕ್ಕೂ ಮುಂದೆ ನಿಲ್ಲುವ, ಯಾರೂ ಕೇಳದೆ ತೀರ್ಪು ಕೊಡುವ ಅಣ್ಣ. ಶಾಮಿಯಾನದವ ಬರೆದ: “ಇದು ಸಿನಿಮಾ ಅಲ್ಲ ಮಾರಾಯ್ರೇ, ನಮ್ಮ ಬೈಲಿನ ಸಿಸಿಟಿವಿ.”

ನಾವು ಮಾತಾಡುವ ಕನ್ನಡ ಪರದೆ ಮೇಲೆ ಬರುವುದು ಹೊಸತಲ್ಲ. ಆದ್ರೆ ಬಹಳ ಕಾಲ ಅದು ಅಡುಗೆ ಭಟ್ರ ಕಾಮಿಡಿಗೆ ಮಾತ್ರ ಮೀಸಲಾಗಿತ್ತು. 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಮಂಗಳೂರಿನ ಒಬ್ಬ ಕನ್ನಡ ಲೆಕ್ಚರರ್ ಅದೇ ಕನ್ನಡದಲ್ಲಿ ಅಳ್ತಾನೆ, ಪ್ರೀತಿ ಮಾಡ್ತಾನೆ, ಅವಮಾನ ಪಡ್ತಾನೆ. ಅವನ ತಲೆಯಲ್ಲಿ ಕೂದಲಿಲ್ಲ ಅಂತ ಜನ ನಗಾಡಿದ್ರು, ಭಾಷೆಗೆ ಅಲ್ಲ. ನನಗೆ ಅದು ದೊಡ್ಡ ವಿಷಯ. ಮೂಡುಬಿದಿರೆಯಲ್ಲಿ ಓದುವಾಗ ಹಾಸ್ಟೆಲಲ್ಲಿ ಬೇರೆ ಜಿಲ್ಲೆಯವರು “ನೀವು ಪುಸ್ತಕ ಓದಿದ ಹಾಗೆ ಮಾತಾಡ್ತೀರಲ್ಲ” ಅಂತ ತಮಾಷೆ ಮಾಡ್ತಿದ್ರು. ಈಗ ಅವರೇ “ಎಂತ ಮಾರಾಯ” ಅಂತ ರೀಲ್ಸ್ ಮಾಡ್ತಾರೆ. ಬಡ್ಡಿ ಸಮೇತ ವಸೂಲಿ ಆಯ್ತು.

ಆದ್ರೆ ‘ಸು ಫ್ರಮ್ ಸೋ’ ಬಗ್ಗೆ ನರ್ಸ್ ಗೆಳತಿ ಎರಡು ದಿನ ಸುಮ್ಮನಿದ್ಲು. ಮೂರನೇ ದಿನ ಒಂದು ವಾಯ್ಸ್ ನೋಟ್ ಬಂತು. ನೋಡದವರು ಇಲ್ಲಿ ಒಂದು ನಿಮಿಷ ಮುಂದೆ ಓಡಿಸಿ. ಅವಳು ಕೇಳಿದ್ದಿಷ್ಟು. ಅಶೋಕ ಅನ್ನುವ ಹುಡುಗ ಒಬ್ಬಳು ಹುಡುಗಿ ಸ್ನಾನ ಮಾಡುವಲ್ಲಿ ಇಣುಕಲಿಕ್ಕೆ ಹೋಗಿ ಸಿಕ್ಕಿಬಿದ್ದದ್ದು. ಅಲ್ಲಿಂದ ತಪ್ಪಿಸಿಕೊಳ್ಳಲಿಕ್ಕೆ ಮೈಮೇಲೆ ಪ್ರೇತ ಬಂದ ಹಾಗೆ ನಾಟಕ ಮಾಡಿದ್ದು, ಸೋಮೇಶ್ವರದ ಸುಲೋಚನ ಬಂದದ್ದು. ಆಮೇಲೆ ಊರಿಡೀ ಸುಲೋಚನನ ಹಿಂದೆ ಓಡ್ತದೆ. “ಆ ಬಚ್ಚಲಿನ ಹುಡುಗಿಯ ಹತ್ರ ಯಾರಾದ್ರೂ ಒಂದು ಮಾತು ಕೇಳಿದ್ರಾ?”

ಹುಡುಗರು ಕೂಡ್ಲೇ, ಸೆಕೆಂಡ್ ಹಾಫಲ್ಲಿ ಭಾನುವಿನ ಕಥೆ ಬರ್ತದಲ್ಲ, ಊರಿನ ಗಂಡಸರು ಕೊನೆಗೆ ಒಂದು ಹೆಣ್ಣಿನ ಕಷ್ಟಕ್ಕೆ ನಿಲ್ತಾರಲ್ಲ ಅಂತ ಹೇಳಿದ್ರು. ಸರಿಯೇ. ಸಂಧ್ಯಾ ಅರಕೆರೆ ಅವರ ಮುಖ ನೋಡಿ ಥಿಯೇಟರಿನ ನಗು ತಟಕ್ಕನೆ ನಿಂತದ್ದು ನನಗೂ ನೆನಪುಂಟು. ಆ ತಿರುವು ನನಗೆ ಇಷ್ಟ, ಅದಕ್ಕೇ ನಾನು ಎರಡು ಸಲ ನೋಡಿದ್ದು. ಆದ್ರೂ ಅವಳ ಪ್ರಶ್ನೆ ಪ್ರಶ್ನೆಯಾಗಿಯೇ ಉಳೀತದೆ. ಹತ್ತು ಜನ “ಭಾರೀ ಲಾಯ್ಕುಂಟು” ಅಂದಾಗ ಹನ್ನೊಂದನೆಯವಳಿಗೆ ಅದನ್ನು ಕೇಳ್ಲಿಕ್ಕೆ ಮೂರು ದಿನ ಬೇಕಾಯ್ತು. “ನಮ್ಮೂರಿನವರು ಕಷ್ಟಪಟ್ಟು ಮಾಡಿದ್ದು, ತಪ್ಪು ಹುಡುಕ್ಬೇಡ” ಅಂತ ಒಬ್ಬ ಬರೆದಿದ್ದ. ನನಗೆ ಕಿರಿಕಿರಿ ಆದದ್ದು ಆ ಮಾತಿಗೆ.

ಇದೇ ಮಾತು ಎರಡು ತಿಂಗಳಲ್ಲಿ ಇನ್ನೂ ಜೋರಾಗಿ ಬಂತು. ಅಕ್ಟೋಬರ್ 2, ‘ಕಾಂತಾರ: ಚಾಪ್ಟರ್ 1’.

ಮೊದಲು ಖುಷಿಯ ವಿಷಯ ಹೇಳ್ತೇನೆ. ಸಿನಿಮಾದಲ್ಲಿ ಬಾಂಗ್ರ ಅಂತ ಒಂದು ರಾಜ್ಯ ಉಂಟಲ್ಲ, ಜಯರಾಮ್ ಅವರು ರಾಜ. ಆ ಹೆಸರು ಕೇಳಿದ್ದೇ ಬೆಳ್ತಂಗಡಿಯವರು ಗ್ರೂಪಲ್ಲಿ ಎದ್ದು ನಿಂತ್ರು. ಯಾಕಂದ್ರೆ ತುಳುನಾಡನ್ನು ಆಳಿದ ಬಂಗ ಅರಸರ ಬಂಗಾಡಿ ಇರುವುದು ಬೆಳ್ತಂಗಡಿ ತಾಲೂಕಲ್ಲಿ. ನಾವು ಬಂಟ್ವಾಳದವರು ಬಿಡ್ತೇವಾ? ಅದೇ ಬಂಗರು ಆಮೇಲೆ ನೇತ್ರಾವತಿ ದಡದ ನಂದಾವರದಿಂದ ಆಳಿದ್ದು ಅಂತ ನಾವು ಹಾಕಿದೆವು. ಮೂಡುಬಿದಿರೆಯವರು ಸುಮ್ಮನಿರಲಿಲ್ಲ, “ನಮ್ಮಲ್ಲಿ ಚೌಟರ ಅರಮನೆ ಈಗಲೂ ಉಂಟು, ಬಂದು ನೋಡಿ” ಅಂತ ಫೋಟೋ ಬಂತು. ಸಿನಿಮಾದ ಬಾಂಗ್ರ ಕದಂಬರ ಕಾಲಕ್ಕೆ ಇಟ್ಟ ಕಲ್ಪನೆಯ ಕಥೆ, ಇತಿಹಾಸದ ಪಾಠ ಅಲ್ಲ. ಆದ್ರೂ ಒಂದು ಸಿನಿಮಾ ನೋಡಿ ಹನ್ನೊಂದು ಮಂದಿ ರಾತ್ರಿ ಒಂದು ಗಂಟೆವರೆಗೆ ತಾಲೂಕಿನ ಅರಸರ ಬಗ್ಗೆ ಜಗಳ ಮಾಡಿದ್ದು ಸಣ್ಣ ಸಾಧನೆಯಾ? ಶಾಲೆಯ ಸಮಾಜ ಪುಸ್ತಕಕ್ಕೆ ಇದು ಆಗಿರಲಿಲ್ಲ.

ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ಆ ಕಾಡು, ರುಕ್ಮಿಣಿ ವಸಂತ್ ಅವರ ಪಾತ್ರ, ಇದಕ್ಕೆಲ್ಲ ಯಾರದ್ದೂ ತಕರಾರಿಲ್ಲ. ಆದ್ರೆ ಮರುದಿನ ಬ್ಯಾಂಕಿನವ ಬರೆದ: “ಫಸ್ಟ್ ಹಾಫ್ ಎಳೀತು. ಎರಡೂಮುಕ್ಕಾಲು ಗಂಟೆ ಬೇಕಿತ್ತಾ? ಸೌಂಡ್ ಕೇಳಿ ತಲೆನೋವು.” ಗಮನಿಸಿ, ಅವನು ಹೇಳಿದ್ದು ಸ್ಕ್ರೀನ್‌ಪ್ಲೇ ಬಗ್ಗೆ, ಸೌಂಡ್ ಬಗ್ಗೆ. ಬಂದ ಉತ್ತರ: “ದೈವದ ವಿಷಯ, ಬಾಯಿಗೆ ಬಂದ ಹಾಗೆ ಮಾತಾಡ್ಬೇಡ.” ಅವನು ಮೆಸೇಜ್ ಡಿಲೀಟ್ ಮಾಡಿದ. ಎಲ್ಲರೂ ಓದಿ ಆಗಿತ್ತು, ಆದ್ರೂ ಡಿಲೀಟ್ ಮಾಡಿದ.

ನನಗೆ ಇದು ಸರಿ ಕಾಣುವುದಿಲ್ಲ. ನಮ್ಮ ಮನೆಯಲ್ಲೂ ದೈವ ಉಂಟು, ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಸೇರ್ತೇವೆ, ಅಲ್ಲಿ ನಾನು ಕೈ ಮುಗಿದು ನಿಲ್ತೇನೆ. ಅಲ್ಲಿಗೆ ಟಿಕೆಟ್ ಇಲ್ಲ, ಇಂಟರ್ವಲ್ ಇಲ್ಲ. ಥಿಯೇಟರಲ್ಲಿ ಇರುವುದು ಸಿನಿಮಾ. ರಿಷಬ್ ಶೆಟ್ಟಿ ಒಬ್ಬ ನಟ, ನಿರ್ದೇಶಕ. ಮೊದಲ ‘ಕಾಂತಾರ’ಕ್ಕೆ ಅವರಿಗೆ ಬಂದ ರಾಷ್ಟ್ರಪ್ರಶಸ್ತಿಯೂ ನಟನೆಗೆ ಬಂದದ್ದು. ಅವರ ಎಡಿಟಿಂಗ್ ಉದ್ದ ಆಯ್ತು ಅಂದ್ರೆ ಯಾವ ದೈವಕ್ಕೂ ಸಿಟ್ಟು ಬರ್ಲಿಕ್ಕಿಲ್ಲ. ಈ ಎರಡನ್ನು ಕಲಸಿದ್ದಕ್ಕೇ ಅಲ್ವಾ ಕೆಲವರು ವೇಷ ಹಾಕಿ ಥಿಯೇಟರಿಗೆ ಬಂದದ್ದು, ಪರದೆ ಎದುರು ಕುಣಿದದ್ದು? ಕೊನೆಗೆ ಹೊಂಬಾಳೆಯವರೇ, ದೈವದ ಅನುಕರಣೆ ಮಾಡ್ಬೇಡಿ ಅಂತ ಪ್ರಕಟಣೆ ಕೊಡ್ಬೇಕಾಯ್ತು. ಬ್ಯಾಂಕಿನವನಿಗೆ ಬೈದವರು ಆ ರೀಲ್ಸಿಗೆ ಹಾರ್ಟ್ ಒತ್ತಿದವರೇ. ಹೆಸರು ಹೇಳುವುದಿಲ್ಲ, ಅವರಿಗೆ ಗೊತ್ತುಂಟು, ಅವರು ಈ ಪಾಡ್‌ಕಾಸ್ಟ್ ಕೇಳ್ತಾರೆ.

ಇನ್ನೊಂದು. ದೈವದ ಬಗ್ಗೆ ಮಾತಾಡುವ ಅಧಿಕಾರ ಯಾರಿಗಾದ್ರೂ ಇದ್ರೆ ಮೊದಲು ಇರಬೇಕಾದದ್ದು ಗಗ್ಗರ ಕಟ್ಟುವವರಿಗೆ. ನಲಿಕೆ, ಪಂಬದ, ಪರವ ಸಮುದಾಯದವರಿಗೆ. ಮೊದಲ ‘ಕಾಂತಾರ’ ಬಂದ ಮೇಲೆ, 2022ರ ಅಕ್ಟೋಬರಲ್ಲಿ, 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಅಂತ ಸರಕಾರ ಘೋಷಿಸಿತು. ಒಂದು ಸಿನಿಮಾ ಅಷ್ಟು ಮಾಡಿಸಿತು, ಒಳ್ಳೆಯದೇ. ಆದ್ರೆ ನಮ್ಮ ಹನ್ನೊಂದು ಮಂದಿಯ ಗ್ರೂಪಲ್ಲಿ ಆ ಕುಟುಂಬದವರು ಒಬ್ಬರೂ ಇಲ್ಲ. ನಿಮ್ಮ ಗ್ರೂಪಲ್ಲಿ ಇದ್ದಾರಾ? ಪರದೆ ಮೇಲೆ ಗುಳಿಗ ಬಂದಾಗ ಅವರಿಗೆ ಎಂತ ಅನ್ನಿಸಿತು ಅಂತ ನಾವು ಕೇಳಿದ್ದೇವಾ? ಅವರಲ್ಲಿ ಕೆಲವರು ಆಕ್ಷೇಪ ಎತ್ತಿದಾಗ “ಹೆಸರು ಬಂದದ್ದು ನೋಡಿ ಹೊಟ್ಟೆಕಿಚ್ಚು” ಅಂತ ಕಮೆಂಟ್ ಹಾಕಿದ್ದು ನಮ್ಮ ಕಡೆಯವರೇ.

ತುಳು ಸಿನಿಮಾದ್ದು ಬೇರೆ ಕಥೆ. ಅದನ್ನು ನಾವು ಹೊಗಳುವುದು ಕನಿಕರದಿಂದ. 1971ರ ‘ಎನ್ನ ತಂಗಡಿ’ಯಿಂದ ಶುರುವಾದ್ರೆ ಐವತ್ತು ವರ್ಷ ದಾಟಿತು. ಈಗಲೂ “ನಮ್ಮ ಭಾಷೆ ಅಲ್ವಾ, ಸಪೋರ್ಟ್ ಮಾಡ್ಬೇಕು” ಅಂತಲೇ ಟಿಕೆಟ್ ಮಾರುವುದು. ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್ ಇದ್ರೆ ನಗು ಗ್ಯಾರಂಟಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕಥೆ ಎಲ್ಲಿ ಅಂತ ಕೇಳಿದ್ರೆ “ತುಳುವಿಗೆ ಅಷ್ಟೇ ಸಾಕು” ಅಂತಾರೆ. ಅಷ್ಟೇ ಸಾಕು ಅಂತ ಯಾರು ತೀರ್ಮಾನ ಮಾಡಿದ್ದು? ‘ಮ್ಯಾಕ್‌ಬೆತ್’ ನಾಟಕವನ್ನು ನಮ್ಮ ಮೀನುಗಾರರ ನಡುವೆ ತಂದಿಟ್ಟ ಅಭಯ ಸಿಂಹ ಅವರ ‘ಪಡ್ಡಾಯಿ’ ತುಳುವಲ್ಲೇ ಆಯ್ತಲ್ಲ, ರಾಷ್ಟ್ರಪ್ರಶಸ್ತಿಯೂ ಬಂತಲ್ಲ. ನಮ್ಮ ಗ್ರೂಪಲ್ಲಿ ಅದನ್ನು ನೋಡಿದವರು ಇಬ್ಬರು.

ಹಾಗೆಯೇ ‘ಮಿಥ್ಯ’. ಸುಮಂತ್ ಭಟ್ ನಿರ್ದೇಶನ, 2025ರ ಮಾರ್ಚಿನಲ್ಲಿ ಬಂತು, ಬಂದ ಹಾಗೇ ಹೋಯ್ತು. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬರ್ತಾನೆ. ಅಲ್ಲಿ ಅವನನ್ನು ಸಾಕುವ ಗಂಡಸಿನ ಪಾತ್ರ ಪ್ರಕಾಶ್ ತುಮಿನಾಡು ಅವರದ್ದು. ಹೌದು, ‘ಸು ಫ್ರಮ್ ಸೋ’ದಲ್ಲಿ ನಮ್ಮನ್ನು ಹೊಟ್ಟೆ ಹಿಡಿದು ನಗಿಸಿದ ಅದೇ ಪ್ರಕಾಶ್ ತುಮಿನಾಡು. ಇಲ್ಲಿ ಅವರು ನಗಿಸುವುದಿಲ್ಲ. ಸಾಲ, ಮನೆ, ತನ್ನದಲ್ಲದ ಮಗು, ಇದೆಲ್ಲ ಹೆಗಲ ಮೇಲೆ ಇರುವ ಒಬ್ಬ ಸಾಮಾನ್ಯ ಮನುಷ್ಯ. ನಾನು ಗ್ರೂಪಲ್ಲಿ ಇಷ್ಟುದ್ದ ಬರೆದೆ. ಒಂದು ಥಂಬ್ಸ್ ಅಪ್ ಬಂತು, ಆಮೇಲೆ ಯಾರದ್ದೋ ಮೆಹೆಂದಿ ಫೋಟೋ ಬಂತು, ಮುಗೀತು. ದೈವ ಇಲ್ಲ, ಕಾಮಿಡಿ ಇಲ್ಲ, ಹಾಗಾಗಿ “ನಮ್ಮೂರಿನ ಸಿನಿಮಾ” ಅಂತ ಅದರ ಪರ ಜಗಳ ಮಾಡ್ಲಿಕ್ಕೂ ಯಾರೂ ಇರಲಿಲ್ಲ. ಉಡುಪಿ ನಮ್ಮೂರಲ್ವಾ?

ಆಯ್ತು, ಇಪ್ಪತ್ತು ನಿಮಿಷ ಆಗ್ತಾ ಬಂತು, ನನಗೂ ಬಸ್ಸುಂಟು. ಮುಂದಿನ ಎಪಿಸೋಡಿಗೆ ನಿಮ್ಮ ವಾಯ್ಸ್ ನೋಟ್ ಬೇಕು. ಇತ್ತೀಚೆಗೆ ನೋಡಿದ ಒಂದು ಸಿನಿಮಾ ಸಾಕು, ಯಾವ ಭಾಷೆಯದ್ದಾದ್ರೂ ಆಗ್ಬಹುದು. ಒಂದು ನಿಮಿಷದ ಒಳಗೆ ಹೇಳಿ: ಎಲ್ಲಿ ನೋಡಿದ್ದು, ಟಿಕೆಟಿಗೆ ಎಷ್ಟು ಕೊಟ್ಟದ್ದು, ಯಾವ ಸೀನಲ್ಲಿ ಕೈ ತನ್ನಷ್ಟಕ್ಕೇ ಫೋನಿಗೆ ಹೋದದ್ದು. ಸ್ಟಾರ್ ಕೊಡ್ಬೇಡಿ. “ಪರ್ವಾಗಿಲ್ಲ” ಅಂತ ಹೇಳಿದ್ರೆ ಪ್ಲೇ ಮಾಡುವುದಿಲ್ಲ. ಬ್ಯಾಂಕಿನವನ ವಾಯ್ಸ್ ನೋಟ್ ಈಗಾಗಲೇ ಬಂದಿದೆ, ನಾಲ್ಕು ನಿಮಿಷ ಉಂಟು, ಈ ಸಲ ಡಿಲೀಟ್ ಮಾಡಿಲ್ಲ. ಅವನಿಂದಲೇ ಶುರು ಮಾಡುವ.