ನಾಲ್ಕನೇ ಸೀಟು



ಜನವರಿ ಒಂದನೇ ತಾರೀಕು ಸತ್ಯವೇದ ಹಿಡಿದು ಕೂತವರ ಉತ್ಸಾಹ ಎಲ್ಲಿ ಇಳಿಯುತ್ತದೆಂದು ನನಗೆ ಗೊತ್ತು; ನನ್ನದೂ ಅಲ್ಲೇ ಇಳಿದದ್ದು. ಒಟ್ಟು 1,189 ಅಧ್ಯಾಯ. ವರ್ಷದೊಳಗೆ ಮುಗಿಸಬೇಕಾದರೆ ದಿನಕ್ಕೆ ಮೂರು, ಆಗೀಗ ನಾಲ್ಕು. ಆದಿಕಾಂಡ ಕಥೆಗಳ ಭರದಲ್ಲಿ ಓಡುತ್ತದೆ. ವಿಮೋಚನಕಾಂಡದಲ್ಲಿ ಸಮುದ್ರ ದಾಟುವ ತನಕ ತೊಂದರೆಯಿಲ್ಲ, ಆಮೇಲೆ ಗುಡಾರದ ಉದ್ದಗಲ ಶುರು. ಜನವರಿಯ ಕೊನೆಯ ವಾರಕ್ಕೆ ಯಾಜಕಕಾಂಡ. ಯಾವ ಬಲಿಯಲ್ಲಿ ಯಾವ ಕೊಬ್ಬನ್ನು ಸುಡಬೇಕು ಎಂದು ಓದುತ್ತಿರುವಾಗಲೇ ನಲ್ಲಿಯಲ್ಲಿ ನೀರು ಬರುತ್ತದೆ, ಕುಕ್ಕರ್ ಕೂಗುತ್ತದೆ, ಲೋಕಲ್ ಹಿಡಿಯುವ ಹೊತ್ತಾಗುತ್ತದೆ. ಗುರುತಿಗಿಟ್ಟ ದಾರ ಮುಂದಿನ ಜನವರಿಯವರೆಗೆ ಅಲ್ಲೇ.

ಹೀಗೆ ಓದು ನಿಂತಾಗಲೆಲ್ಲ ನನಗೆ ಓದು ಬಿಡದ ಒಬ್ಬರು ನೆನಪಾಗುತ್ತಾರೆ. ಮುಂಬಯಿಯ ಕೊಲಾಬಾದಲ್ಲಿ ಬೋವೆನ್ ಹೆಸರಿನ ಮೆಥಡಿಸ್ಟ್ ದೇವಾಲಯವಿದೆ. ಈ ಜಾರ್ಜ್ ಬೋವೆನ್ ಅಮೆರಿಕದವರು, ಹುಟ್ಟಿದ್ದು 1816ರಲ್ಲಿ. ತಾರುಣ್ಯದಲ್ಲಿ ಅವರಿಗೆ ದೇವರು, ಧರ್ಮ ಯಾವುದರಲ್ಲೂ ನಂಬಿಕೆಯಿರಲಿಲ್ಲ. ಅವರು ಪ್ರೀತಿಸಿದ ಎಮ್ಮಾ ಮೋರಿಸ್ 1844ರಲ್ಲಿ ತೀರಿಕೊಂಡಳು. ಹೋಗುವಾಗ ತನ್ನ ಬೈಬಲನ್ನು ಅವರಿಗೆ ಬಿಟ್ಟು, ದಿನಾ ಓದಬೇಕೆಂದು ಕೇಳಿಕೊಂಡಳು. ಬೋವೆನ್ ಓದಿದರು. ನಂಬಿಕೆಯಿಲ್ಲದೆಯೇ, ಅವಳ ಮಾತನ್ನು ತೆಗೆದುಹಾಕಲಾರದೆ ಓದಿದರು. ನಂಬಿಕೆ ಬಂದದ್ದು ಆಮೇಲೆ.

1848ರಲ್ಲಿ ಅವರು ಮಿಷನರಿಯಾಗಿ ಮುಂಬಯಿಗೆ ಬಂದರು. 1888ರಲ್ಲಿ ಇಲ್ಲೇ ಮಣ್ಣಾಗುವವರೆಗೆ, ನಲವತ್ತು ವರ್ಷ, ಒಮ್ಮೆಯೂ ಊರಿಗೆ ಹಿಂದಿರುಗಲಿಲ್ಲ. ಮಿಷನ್ನಿನ ಸಂಬಳ ಬಿಟ್ಟು, ಪಾಠ ಹೇಳಿ ಬಂದ ಅಲ್ಪಸ್ವಲ್ಪದಲ್ಲಿ ಬಡವರ ನಡುವೆ ಬದುಕಿದರು. 'ಡೈಲಿ ಮೆಡಿಟೇಶನ್ಸ್' ಎಂಬ ಪುಸ್ತಕ ಬರೆದರು: ದಿನಕ್ಕೊಂದು ವಚನ, ಅದರ ಮೇಲೆ ಒಂದಿಷ್ಟು ಚಿಂತನೆ. ಸಾಯುವ ಹುಡುಗಿಯೊಬ್ಬಳು ಒಬ್ಬನಿಗಾಗಿ ಬಿಟ್ಟುಹೋದ ದಿನದ ಓದು ಹೀಗೆ ಗುರುತುಪರಿಚಯವಿಲ್ಲದ ಎಷ್ಟೋ ಮನೆಗಳಿಗೆ ಹೋಯಿತು.

ಬೋವೆನ್ ಓದಿನ ಹಿಂದೆಯೂ ಇನ್ನೊಬ್ಬರಿದ್ದರು. ಒಬ್ಬರೇ ಓದಬೇಕೆಂದು ಹಟ ಹಿಡಿಯುವವರನ್ನು ಕಂಡರೆ ನನಗೆ ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದ ಆ ಐಥಿಯೋಪ್ಯದ ಅಧಿಕಾರಿ ನೆನಪಾಗುತ್ತಾನೆ. ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದಾನೆ, ಅರ್ಥವಾಗುತ್ತಿಲ್ಲ. ಸುವಾರ್ತೆ ಸಾರುವ ಫಿಲಿಪ್ಪ ಓಡಿಬಂದು, ತಿಳಿಯುತ್ತಿದೆಯೇ ಎಂದು ಕೇಳುತ್ತಾನೆ. ಹೇಳಿಕೊಡುವವರಿಲ್ಲದೆ ಹೇಗೆ ತಿಳಿದೀತು ಎನ್ನುತ್ತಾನೆ ಅಧಿಕಾರಿ. ಹತ್ತಿ ಪಕ್ಕದಲ್ಲಿ ಕೂರು ಎಂದು ಕರೆಯುತ್ತಾನೆ. ದೊಡ್ಡ ಹುದ್ದೆಯವನು, ಸಂಕೋಚಪಡಲಿಲ್ಲ. ಆ ಸರಿದು ಕೊಟ್ಟ ಜಾಗ ನನಗೆ ಬಹಳ ಇಷ್ಟ.

ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೋಕಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದು ನಿಂತರೆ ಒಂದಿಷ್ಟು ಸರಿಯುತ್ತೇವೆ. ಅರ್ಧ ಒಳಗೆ, ಅರ್ಧ ಹೊರಗೆ ಕೂರುತ್ತಾರೆ. ನನ್ನ ಓದು ಮತ್ತೆ ಶುರುವಾದದ್ದು ಅಂಥ ನಾಲ್ಕನೇ ಸೀಟಿನಲ್ಲಿ, ಹೆಂಗಸರ ಡಬ್ಬಿಯಲ್ಲಿ. ಉಡುಪಿ ಕಡೆಯ ಅಕ್ಕ ಒಬ್ಬರು ಅಂಗೈಯಗಲದ ಕನ್ನಡ ಕೀರ್ತನೆಗಳ ಪುಸ್ತಕ ಬಿಡಿಸಿದ್ದರು. ನಾನು ಇಣುಕುತ್ತಿದ್ದೆ. "ನನ್ನ ಕನ್ನಡಕ ಮನೆಯಲ್ಲೇ ಉಳಿಯಿತು ಮಾರಾಯ್ತಿ, ನೀನೇ ಓದು" ಎಂದು ಪುಸ್ತಕ ನನ್ನ ಕೈಗಿಟ್ಟರು. ಮರುದಿನ ಕನ್ನಡಕ ಮೂಗಿನ ಮೇಲೇ ಇತ್ತು, ಆದರೂ ಪುಸ್ತಕ ನನ್ನ ಕಡೆಗೇ ಬಂತು.

ಇನ್ನೊಬ್ಬರೂ ಸೇರಿಕೊಂಡು ಈಗ ನಾವು ಮೂವರು. ಡೋಂಬಿವಲಿಯಿಂದ ಠಾಣೆಯೊಳಗೆ ಒಂದು ಕೀರ್ತನೆ, ಮೆಲುದನಿಯಲ್ಲಿ. ರಜೆ ಹಾಕಿದರೆ "ಎಲ್ಲಿ, ಕಾಣಲೇ ಇಲ್ಲ?" ಎಂದು ಮಧ್ಯಾಹ್ನ ಫೋನು ಬರುತ್ತದೆ, ಸ್ವಲ್ಪ ಗದರಿಕೆಯ ದನಿಯಲ್ಲೇ. 117ನೆಯದು ಎರಡೇ ವಚನ; ಗಾಡಿ ಕೋಪರ್ ತಲುಪುವ ಮೊದಲೇ ಮುಗಿಯಿತು, ಉಳಿದ ದಾರಿಯೆಲ್ಲ ಹರಟೆ. ಈ ವಾರ 119 ಹಿಡಿದಿದ್ದೇವೆ. 176 ವಚನ. ನಿನ್ನೆ ಸಿಗ್ನಲ್ ಕೆಟ್ಟು ಗಾಡಿ ದಿವಾದ ಹತ್ತಿರ ಮುಕ್ಕಾಲು ಗಂಟೆ ನಿಂತಿತು. ಡಬ್ಬಿಯವರೆಲ್ಲ ರೈಲಿಗೆ ಶಾಪ ಹಾಕುತ್ತಿದ್ದರೆ, ಅಕ್ಕ ಮಾತ್ರ ಪುಟ ತಿರುವಿ, "ಇನ್ನೂ ಎಂಟು ಓದು" ಎಂದರು.