ಕಲಿಸುವುದನ್ನೂ ಕಲಿಯಬೇಕು



ಒಂದನೆಯ ತರಗತಿಯ ಮಗುವಿಗೆ ಅಕ್ಷರ ತಿದ್ದಿಸುವವರು ಶಿಕ್ಷಕ ತರಬೇತಿ ಡಿಪ್ಲೊಮಾ ಮುಗಿಸಿರಬೇಕು. ಪ್ರೌಢಶಾಲೆಯಲ್ಲಿ ಪಾಠ ಹೇಳಲು ಬಿ.ಎಡ್. ಬೇಕು. ಪದವಿ ತರಗತಿಗೆ ಹೋಗುವವರಿಗೆ ಮಾತ್ರ ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ. ಇದ್ದರೆ ಸಾಕು. ವಿಷಯ ಬಲ್ಲವರು ಕಲಿಸಲೂ ಬಲ್ಲರು ಎಂಬ ಹಳೆಯ ನಂಬಿಕೆಯೇ ಇದರ ಹಿಂದಿದೆ. ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಪ್ರಶ್ನೆಗಳಿರುತ್ತವೆ, ನಿಜ. ಆದರೆ ಸರಿಯುತ್ತರ ಗುರುತಿಸಿದ ಮಾತ್ರಕ್ಕೆ ಪಾಠ ಮಾಡಲು ಬಂದೀತೆ? ಪುಸ್ತಕದಲ್ಲಿ ಈಜು ಓದಿದವರನ್ನು ತುಂಗಭದ್ರೆಗೆ ಇಳಿಸಿದಂತಾದೀತು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ವಿಶ್ವವಿದ್ಯಾಲಯ ಅನುದಾನ ಆಯೋಗವು ಅಧ್ಯಾಪಕರ ತರಬೇತಿಗೆಂದು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. 2015ರಲ್ಲಿ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಲ್ಲಿ ಮಾಳವೀಯ ಮಿಷನ್ ಎಂಬ ಹೆಸರು ಬಂತು. ಹೆಸರು ಬದಲಾದಷ್ಟು ತರಗತಿ ಬದಲಾಗಿದೆಯೇ ಎಂದು ಕೇಳಿಕೊಳ್ಳಬೇಕು. ಪ್ರಮಾಣಪತ್ರ ಬಡ್ತಿಯ ಕಡತ ಸೇರಿದರೆ ತರಬೇತಿ ಮುಗಿಯಿತೆನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಸರಕಾರಿ ಕಾಲೇಜುಗಳ ಪಾಠದ ಭಾರ ಹೊತ್ತ ಅತಿಥಿ ಉಪನ್ಯಾಸಕರಿಗಂತೂ ಬಡ್ತಿಯ ಆ ನೆಪವೂ ಇಲ್ಲ.

ಇದರ ಬೆಲೆ ತೆರುವವರು ಯಾರು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳಿಗೆ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಮಕ್ಕಳು. ಅವರಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿದವರು, ತಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಟಿಪ್ಪಣಿ ಹೇಳಿದರೆ ಬರೆದುಕೊಳ್ಳುತ್ತಾರೆ. ತಿಳಿಯಲಿಲ್ಲವೆಂದು ಬಾಯಿ ಬಿಡುವುದಿಲ್ಲ. ಆ ಮೌನವನ್ನು ಅರ್ಥವಾಯಿತೆಂಬ ಒಪ್ಪಿಗೆ ಎಂದು ಎಣಿಸಬಾರದು.

ಪರಿಹಾರಕ್ಕೆ ದೂರ ಹೋಗಬೇಕಾಗಿಲ್ಲ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆಯ ಕ್ರಮ ನಮ್ಮ ಬಿ.ಎಡ್. ಕಾಲೇಜುಗಳಿಗೆ ಹೊಸದಲ್ಲ. ಐದಾರು ಸಹೋದ್ಯೋಗಿಗಳ ಎದುರು ಐದರಿಂದ ಹತ್ತು ನಿಮಿಷ ಪಾಠ ಮಾಡುವುದು. ಗಮನ ಒಂದೇ ಕೌಶಲದ ಮೇಲೆ: ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು ಅಥವಾ ಕರಿಹಲಗೆ ಬಳಸುವುದು. ನೋಡಿದವರು ತಮಗೆ ಕಂಡದ್ದನ್ನು ಹೇಳಬೇಕು. ಮಾಡಿದವರು ತಿದ್ದಿಕೊಂಡು ಅದನ್ನೇ ಮತ್ತೆ ಮಾಡಬೇಕು. ನಮ್ಮ ಕಿನ್ನಾಳದಲ್ಲಿ ಬೊಂಬೆ ಮಾಡುವ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದೂ ಹೀಗೆಯೇ: ಹಿರಿಯರ ಪಕ್ಕ ಕುಳಿತು, ಮಾಡಿ, ತಿದ್ದಿಸಿಕೊಂಡು.

ವಾರಕ್ಕೊಂದು ಗಂಟೆ, ಒಂದು ಖಾಲಿ ಕೊಠಡಿ, ಟೀಕೆಯನ್ನು ಸಹಿಸುವ ಮನಸ್ಸು ಇಷ್ಟಿದ್ದರೆ ಸರಕಾರದ ಸುತ್ತೋಲೆಗೆ ಕಾಯಬೇಕಾಗಿಲ್ಲ. ಕಾಯಂ ಅಧ್ಯಾಪಕರೂ ಅತಿಥಿ ಉಪನ್ಯಾಸಕರೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂರಲಿ. ವಿದ್ಯಾರ್ಥಿಗಳಿಗೆ ಕಲಿಯಿರಿ ಎಂದು ಹೇಳುವ ಅಧಿಕಾರ, ತಾನೂ ಕಲಿಯುತ್ತಿರುವವರಿಗೆ ಮಾತ್ರ ಒಪ್ಪುತ್ತದೆ.